ಒಂದಗುಳು ಹಿಸುಕಿ ನೋಡುವ ಕಾನ್ಫಿಗರ್

ಮಲ್ಲತ್ತಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಎಂಜಿನಿಯರಿಂಗ್ ಓದುತ್ತಾಳೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳಿಂದ ಅಕ್ಷರ ಹೆಕ್ಕಬೇಕೆಂಬುದು ಅವಳ ಆಸೆ. ಅದಕ್ಕಾಗಿ ಟೆಸೆರಾಕ್ಟ್ ತಂತ್ರಾಂಶದ ಸೋರ್ಸ್ ಕೋಡ್ ಇಳಿಸಿಕೊಂಡಿದ್ದಳು. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ಈ ತಂತ್ರಾಂಶ ಇಂದು ಕನ್ನಡವನ್ನೂ ಓದುತ್ತದೆ. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದಳು. “ಅಂಕಲ್, ಇದು ಚೆಕಿಂಗ್, ಚೆಕಿಂಗ್ ಅಂತ ಒಂದೇ ಸಮ ಹೇಳ್ತಾ ಇತ್ತು. ಈಗ ಎರರ್ ಅಂತ ನಿಂತುಬಿಟ್ಟಿದೆ.”

ಹಾಗೆ ನಿಂತಿದ್ದದ್ದು ಕಾನ್ಫಿಗರ್ ಎಂಬ ಸ್ಕ್ರಿಪ್ಟ್. ಅದು ಯಾಕೆ ಬೇಕಾಯಿತು ಎಂದು ತಿಳಿಯಲು ಎಂಬತ್ತರ ದಶಕಕ್ಕೆ ಹೋಗಬೇಕು. ಸನ್, ಐಬಿಎಂ, ಎಚ್‌ಪಿ ಎಲ್ಲರೂ ಆಗ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಮಾರುತ್ತಿದ್ದರು, ಆದರೆ ಒಬ್ಬರ ಯೂನಿಕ್ಸ್ ಇನ್ನೊಬ್ಬರದರಂತೆ ಇರಲಿಲ್ಲ. ಪದವೊಂದರಲ್ಲಿ ಅಕ್ಷರ ಹುಡುಕುವ ಫಂಕ್ಷನ್ನಿಗೆ ಯೂನಿಕ್ಸಿನ ಎರಡು ಕವಲುಗಳಲ್ಲಿ ಬರ್ಕ್‌ಲಿ ಕಡೆಯವರು ‘ಇಂಡೆಕ್ಸ್’ ಎಂದರೆ ಸಿಸ್ಟಮ್ ಫೈವ್ ಕಡೆಯವರು ‘ಎಸ್‌ಟಿಆರ್‌ಸಿಎಚ್‌ಆರ್’ ಎನ್ನುತ್ತಿದ್ದರು. ಒಂದರಲ್ಲಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಕಂಪೈಲೇ ಆಗುತ್ತಿರಲಿಲ್ಲ. ನಿಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಪ್ರೋಗ್ರಾಂ ಕಟ್ಟುವ ಸೂಚನೆಗಳಿರುವ ಮೇಕ್‌ಫೈಲಿನೊಳಗೆ ನೀವೇ ತಿದ್ದಬೇಕಿತ್ತು. ಗ್ನೂ ಯೋಜನೆಯ ಹಲವು ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮೆಕೆಂಜಿಗೆ 1991ರ ಜೂನ್ ಹೊತ್ತಿಗೆ ಅಂಥ ಆಯ್ಕೆಗಳು ಸುಮಾರು ಇಪ್ಪತ್ತಾಗಿ, ಬಳಸುವವರಿಗೆ ಹೊರೆಯಾಗಿರುವುದು ಕಾಣಿಸಿತು. ಅವರು ಮೊದಲು ಒಂದು ಸ್ಕ್ರಿಪ್ಟ್ ಬರೆದರು. ಆಮೇಲೆ ಅಂಥ ಸ್ಕ್ರಿಪ್ಟುಗಳನ್ನೇ ತಯಾರಿಸಿಕೊಡುವ ಆಟೋಕಾನ್ಫ್ ಬರೆದರು.

ಅದು ತಯಾರಿಸುವ ಕಾನ್ಫಿಗರ್ ಸ್ಕ್ರಿಪ್ಟಿನ ಜಾಣತನವಿರುವುದು ಕೇಳುವ ಪ್ರಶ್ನೆಯಲ್ಲಿ. ‘ನೀನು ಯಾವ ಯಂತ್ರ?’ ಎಂದು ಕೇಳಿ ಹೆಸರಿನ ಮೇಲೆ ತೀರ್ಮಾನಿಸಿದರೆ, ನಾಳೆ ಬರುವ ಹೊಸ ಯಂತ್ರದ ಹೆಸರು ಪಟ್ಟಿಯಲ್ಲಿರುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಅಕ್ಕಿ ಯಾವ ಊರಿನದು ಎಂದು ಯಾರೂ ವಿಚಾರಿಸುವುದಿಲ್ಲ, ಒಂದಗುಳು ಹಿಸುಕಿ ನೋಡುತ್ತಾರೆ. ಕಾನ್ಫಿಗರ್ ಮಾಡುವುದೂ ಅದನ್ನೇ. ‘ಕಾನ್ಫ್‌ಟೆಸ್ಟ್’ ಎಂಬ ನಾಲ್ಕಾರು ಸಾಲಿನ ಸಿ ಪ್ರೋಗ್ರಾಂ ಬರೆಯುತ್ತದೆ, ತನಗೆ ಬೇಕಾದ ಫಂಕ್ಷನ್ ಅದರೊಳಗೆ ಕರೆಯುತ್ತದೆ, ಕಂಪೈಲರಿಗೆ ಕೊಡುತ್ತದೆ. ಆಯಿತೇ? ‘ಯೆಸ್’. ಆಗಲಿಲ್ಲವೇ? ‘ನೋ’. ಬರೆದದ್ದನ್ನು ಅಳಿಸಿ ಮುಂದಿನ ಅಗುಳಿಗೆ ಕೈಹಾಕುತ್ತದೆ. ಹುಡುಗಿ ಕಂಡ ಹಲವು ಚೆಕಿಂಗ್ ಸಾಲುಗಳ ಹಿಂದೆ ಇಂಥದೊಂದು ಪರೀಕ್ಷೆ ಇರುತ್ತದೆ. ಕೊನೆಗೆ ಎಲ್ಲ ಉತ್ತರಗಳನ್ನೂ ಕಾನ್ಫಿಗ್ ಡಾಟ್ ಎಚ್ ಕಡತದಲ್ಲಿ ಬರೆದಿಟ್ಟು, ಆ ಯಂತ್ರಕ್ಕೆ ಹೊಂದುವ ಮೇಕ್‌ಫೈಲ್ ಸಿದ್ಧಪಡಿಸುತ್ತದೆ.

ಬೆರಗಾಗುವುದು ಅಗುಳು ಕೈಗೆ ಸಿಗದಿದ್ದಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಸೇರಿ ರೂಪಿಸಿದ ಸಿಂಪ್ಯೂಟರನ್ನು ನೆನೆಯಿರಿ. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, ಸ್ಟ್ರಾಂಗ್‌ಆರ್ಮ್ ಚಿಪ್. ಅಂಥ ಪುಟ್ಟ ಯಂತ್ರಕ್ಕೆ ಬೇಕಾದ ಪ್ರೋಗ್ರಾಮನ್ನು ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಕಟ್ಟುವುದು ವಾಡಿಕೆ. ಅಲ್ಲಿ ಕಂಪೈಲ್ ಮಾಡಬಹುದು, ಓಡಿಸಿ ನೋಡುವಂತಿಲ್ಲ, ಚಿಪ್ ಬೇರೆ. ಹಾಗಾದರೆ ಆ ಚಿಪ್ಪಿನಲ್ಲಿ ‘ಲಾಂಗ್’ ಎಂಬ ಸಂಖ್ಯೆಗೆ ಎಷ್ಟು ಬೈಟ್ ಜಾಗ ಎಂದು ಓಡಿಸದೆ ತಿಳಿಯುವುದು ಹೇಗೆ? ಲಾಂಗ್ 8 ಬೈಟ್‌ಗಿಂತ ಚಿಕ್ಕದಾದರೆ ಉದ್ದ ಋಣಸಂಖ್ಯೆಯಾಗುವಂಥ ಒಂದು ಅರೇಯನ್ನು ಕಾನ್ಫಿಗರ್ ಬರೆಯುತ್ತದೆ. ಋಣ ಉದ್ದದ ಅರೇಯನ್ನು ಕಂಪೈಲರ್ ಒಪ್ಪುವುದೇ ಇಲ್ಲ. ತಕರಾರು ತೆಗೆದರೆ ಲಾಂಗ್ ಚಿಕ್ಕದು, ಸುಮ್ಮನಿದ್ದರೆ 8 ಅಥವಾ ಹೆಚ್ಚು. ಹೀಗೆ ಅಂಕೆ ಬದಲಿಸುತ್ತ ಬದಲಿಸುತ್ತ ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ. ಕಂಪೈಲರಿನ ಬೈಗುಳದಿಂದಲೇ ಉತ್ತರ ತೆಗೆಯುವ ಈ ಉಪಾಯವನ್ನು ಮೊದಲು ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇದೇ ಗುಣದಲ್ಲಿ ಅಪಾಯವೂ ಇದೆ. ಪರೀಕ್ಷೆಯ ಪ್ರೋಗ್ರಾಂ ಕಂಪೈಲ್ ಆಗದಿದ್ದರೆ ಅದು ‘ಇಲ್ಲ’ ಎಂಬ ಉತ್ತರ. ಯಾಕೆ ಆಗಲಿಲ್ಲ ಎಂದು ಯಾರೂ ಕೇಳುವುದಿಲ್ಲ. 2024ರಲ್ಲಿ ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದನ್ನು ಇಟ್ಟವರು ಇದನ್ನು ಚೆನ್ನಾಗಿ ಬಲ್ಲವರು. ಆಟೋಕಾನ್ಫ್ ಬಳಸುವ ಒಂದು ಮ್ಯಾಕ್ರೋ ಕಡತವನ್ನು ತಿದ್ದಿ, ವಿಷವನ್ನು ಕಾನ್ಫಿಗರ್ ಹಂತದಲ್ಲೇ ಒಳಗೆ ತಂದಿದ್ದರು. ಆ ತಿದ್ದುಪಡಿ ಎಲ್ಲರೂ ನೋಡುವ ಸೋರ್ಸ್ ಭಂಡಾರದಲ್ಲಿರಲಿಲ್ಲ, ಹಂಚಿದ ಪೊಟ್ಟಣದಲ್ಲಿ ಮಾತ್ರ ಇತ್ತು. ಅಷ್ಟೇ ಅಲ್ಲ. ಇಂಥದೇ ಕೆಲಸಕ್ಕಿರುವ ಸಿಮೇಕ್ ಎಂಬ ಇನ್ನೊಂದು ಉಪಕರಣದ ಕಡತದಲ್ಲಿ, ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಇದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಮಿನ ನಡುವೆ ಒಂದೇ ಒಂದು ಚುಕ್ಕೆ ಇಟ್ಟಿದ್ದರು. ಚುಕ್ಕೆಯಿಂದಾಗಿ ಅದು ಎಲ್ಲಿಯೂ ಕಂಪೈಲ್ ಆಗಲಿಲ್ಲ. ಉತ್ತರ ‘ಇಲ್ಲ’, ರಕ್ಷಣೆ ಸದ್ದಿಲ್ಲದೆ ಬಂದ್. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರೊಯಿಂಡ್ ಮಾರ್ಚ್ 29ರಂದು ಕಳ್ಳಬಾಗಿಲಿನ ಸುದ್ದಿ ಹೊರಹಾಕಿದರು. ಆ ಅರ್ಧ ಸೆಕೆಂಡನ್ನು ಅವರು ಲೆಕ್ಕಕ್ಕಿಡದಿದ್ದರೆ ಎಷ್ಟೋ ಸರ್ವರುಗಳು ಕಳ್ಳರ ಪಾಲಾಗಬಹುದಿತ್ತು.

ನಮ್ಮ ಹುಡುಗಿಯ ಎರರ್ ಇಷ್ಟು ಗಹನದ್ದಲ್ಲ. ಲೆಪ್ಟೋನಿಕಾ ಎಂಬ ಚಿತ್ರಸಂಸ್ಕರಣೆಯ ಲೈಬ್ರರಿ ಬೇಕು ಎಂದು ಕಾನ್ಫಿಗರ್ ಹೇಳುತ್ತಿತ್ತು. “ಇದೆಯಲ್ಲ ಅಂಕಲ್, ಮೊನ್ನೆಯೇ ಹಾಕಿದ್ದೀನಿ” ಎಂದಳು. ಇದ್ದದ್ದು ಓಡಿಸಲು ಬೇಕಾದ ಭಾಗ ಮಾತ್ರ. ಅದನ್ನು ಸೇರಿಸಿ ಹೊಸ ಪ್ರೋಗ್ರಾಂ ಕಟ್ಟಲು ಹೆಡರ್ ಫೈಲುಗಳು ಬೇಕು, ಅವು ‘ಡೆವ್’ ಎಂದು ಹೆಸರು ಮುಗಿಯುವ ಬೇರೆ ಪೊಟ್ಟಣದಲ್ಲಿ ಬರುತ್ತವೆ. ಅದನ್ನು ಹಾಕಿದ ಮೇಲೆ ಚೆಕಿಂಗ್ ಸಾಲುಗಳು ಕೊನೆಯವರೆಗೆ ಓಡಿದವು. ಖುಷಿಯಿಂದ ‘ಮೇಕ್’ ಒತ್ತಲು ಹೊರಟವಳನ್ನು ತಡೆದೆ. ಪರದೆಯ ತುದಿಯಲ್ಲಿ ಇನ್ನೊಂದು ಸಾಲಿತ್ತು: ಬೇಕಾದ ಲೈಬ್ರರಿಗಳಿಲ್ಲದ್ದರಿಂದ ತರಬೇತಿ ಉಪಕರಣಗಳನ್ನು ಕಟ್ಟಲಾಗುವುದಿಲ್ಲ. ಎರರ್ ಅಲ್ಲ, ಬರೀ ಒಂದು ‘ಇಲ್ಲ’.

ಅವಳಿಗೆ ಬೇಕಿದ್ದದ್ದೇ ತರಬೇತಿ. ಅಜ್ಜನ ಪುಸ್ತಕದ ಹಳೆಯ ಅಚ್ಚಿನ ಒತ್ತಕ್ಷರಗಳನ್ನು ಟೆಸೆರಾಕ್ಟ್ ತಪ್ಪಿಲ್ಲದೆ ಓದಬೇಕಾದರೆ ಅಂಥದೇ ಅಕ್ಷರಗಳ ಮಾದರಿ ಚಿತ್ರಗಳನ್ನು ಅದಕ್ಕೆ ತೋರಿಸಿ ಕಲಿಸಬೇಕು. ಕನ್ನಡದ ಒತ್ತು, ಗುಣಿತಗಳನ್ನು ಜೋಡಿಸಿ ಆ ಚಿತ್ರ ಬರೆಯಲು ಪ್ಯಾಂಗೋ ಎಂಬ ಲೈಬ್ರರಿ ಬೇಕು. ಕಾನ್ಫಿಗರ್ ತನ್ನ ಪರೀಕ್ಷೆಗಳ ದಾಖಲೆಯಿಡುವ ಕಾನ್ಫಿಗ್ ಡಾಟ್ ಲಾಗ್ ಕಡತ ತೆರೆದು ಇಬ್ಬರೂ ಹುಡುಕಿದೆವು. ಪ್ಯಾಂಗೋ ಎದುರಿಗೆ ‘ನೋ’ ಎಂದಿತ್ತು. ಅದರ ಡೆವ್ ಪೊಟ್ಟಣ ಹಾಕಿ ಮತ್ತೆ ಕಾನ್ಫಿಗರ್ ಓಡಿಸಿದಾಗ ‘ಯೆಸ್’ ಬಂತು, ತುದಿಯ ಸಾಲೂ ಬದಲಾಯಿತು. ‘ಮೇಕ್’ ಒತ್ತಿ, ಅದು ಕಟ್ಟುತ್ತಿರುವಾಗಲೇ ಅವಳು ಪುಸ್ತಕದ ಮೊದಲ ಪುಟ ಬಿಡಿಸಿಕೊಂಡು, ಆ ಅಚ್ಚಿಗೆ ಹತ್ತಿರದ ಫಾಂಟ್ ಯಾವುದು ಎಂದು ಹುಡುಕತೊಡಗಿದಳು.