ಪಾದರಸದ ನ್ಯೂಕ್ಲಿಯಸ್ ಗುಂಡಗಿದೆಯೇ?

ಪ್ರಶ್ನೆ: ಪರಮಾಣುವಿನ ನ್ಯೂಕ್ಲಿಯಸ್ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲವಲ್ಲ, ಅದರ ಆಕಾರ ಹೇಗೆ ತಿಳಿಯುತ್ತದೆ?

ಉತ್ತರ: ಇಲೆಕ್ಟ್ರಾನುಗಳಿಂದ. ಅವುಗಳಲ್ಲಿ ಕೆಲವು ನ್ಯೂಕ್ಲಿಯಸ್ಸಿನ ಒಳಗೂ ಸುಳಿದಾಡುತ್ತವೆ. ಅದು ಉಬ್ಬಿದರೆ, ನೀಳವಾದರೆ ಅವುಗಳ ಶಕ್ತಿಮಟ್ಟ ಕೂದಲೆಳೆಯಷ್ಟು ಸರಿಯುತ್ತದೆ. ಲೇಸರಿನ ಆವರ್ತನವನ್ನು ಮೆಲ್ಲಮೆಲ್ಲಗೆ ಬದಲಿಸುತ್ತಾ ಹೋದರೆ, ಅದು ಶಕ್ತಿಮಟ್ಟಗಳ ನಡುವಿನ ಅಂತರಕ್ಕೆ ಕರಾರುವಾಕ್ಕಾಗಿ ಹೊಂದಿದಾಗ ಮಾತ್ರ ಇಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಇದೇ ಅನುರಣನ. ಬೆನ್ನಿಗೇ ಬರುವ ಇನ್ನೆರಡು ಲೇಸರುಗಳು ಆ ಇಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ಉಳಿದ ಅಯಾನುಗಳನ್ನು ಎಣಿಸುತ್ತಾರೆ; ಎಣಿಕೆ ಏರುವ ಆವರ್ತನದಿಂದ ಶಕ್ತಿಮಟ್ಟ ಎಷ್ಟು ಸರಿದಿದೆ, ಅಂದರೆ ನ್ಯೂಕ್ಲಿಯಸ್ ಎಷ್ಟು ಉಬ್ಬಿದೆ ಎಂದು ತಿಳಿಯುತ್ತದೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಐಸೋಲ್ಡ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲೇ ಪಾದರಸ ಬೆರಗು ಹುಟ್ಟಿಸಿತ್ತು. ನ್ಯೂಟ್ರಾನ್ ಕಡಿಮೆಯಾದಂತೆ ಕಿರಿದಾಗುತ್ತಿದ್ದ ನ್ಯೂಕ್ಲಿಯಸ್, ಪಾದರಸ-185ರಲ್ಲಿ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ 185) ಒಮ್ಮೆಲೇ ಹಿಗ್ಗಿತು! 184ರಲ್ಲಿ ಮತ್ತೆ ಚಿಕ್ಕದು. 181, 183, 185 ರಗ್ಬಿ ಚೆಂಡಿನಂತೆ ನೀಳ. ನಡುವಿನ ಸಮಸಂಖ್ಯೆಯವು ಹೆಚ್ಚುಕಡಿಮೆ ಗುಂಡಗೆ. ಒಂದೇ ಒಂದು ನ್ಯೂಟ್ರಾನಿಗೆ ಇಷ್ಟೊಂದು ಬದಲಾವಣೆ ಕಾಣುವುದು ಬಹಳ ಅಪರೂಪ. ಮೇಲೆ ಹೇಳಿದ ಲೇಸರ್ ವಿಧಾನದಿಂದ 177ರವರೆಗೂ ಅಳೆದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು: 180 ಮತ್ತು ಅದಕ್ಕಿಂತ ಹಗುರವಾದವುಗಳಲ್ಲಿ ಈ ಏರಿಳಿತ ನಿಂತುಹೋಗುತ್ತದೆ. ಕೆಲವು ಪ್ರೋಟಾನು, ನ್ಯೂಟ್ರಾನುಗಳು ಒಟ್ಟಾಗಿ ಕಕ್ಷೆ ಬದಲಿಸುವುದೇ ಈ ಹಿಗ್ಗುವಿಕೆಗೆ ಕಾರಣವೆಂದು ಜಪಾನಿನ ಸೂಪರ್‌ಕಂಪ್ಯೂಟರ್ ಲೆಕ್ಕಗಳು ತೋರಿಸಿವೆ.