ಹೇಳುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ

ನೌಕರರಿಗೆ ಕೋಚ್‌ಗಳನ್ನು ಗೊತ್ತುಮಾಡುವುದು ದೊಡ್ಡ ಕಂಪನಿಗಳಲ್ಲಿ ಈಗ ಮಾಮೂಲು. ಆ ಕೋಚ್‌ಗಳಲ್ಲಿ ಹೆಂಗಸರೂ ಬೇರೆ ಬೇರೆ ಹಿನ್ನೆಲೆಯವರೂ ಇರಬೇಕು ಎಂಬ ಮಾತು ಬಂದರೆ ಚರ್ಚೆ ಕೂಡಲೇ ನ್ಯಾಯದ ಕಡೆ ಹೊರಳುತ್ತದೆ. ಅದು ಇರಬೇಕಾದ ಚರ್ಚೆಯೇ. ಆದರೆ ಹೇಳುವವರು ಬದಲಾದರೆ ಕೇಳಿಸಿಕೊಳ್ಳುವವರಲ್ಲಿ ಏನು ಬದಲಾಗುತ್ತದೆ ಎಂದು ಅಳೆದು ನೋಡಿದವರೂ ಇದ್ದಾರೆ.

ಅಮೆರಿಕದ ಆಮ್ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ಗೆ ಸೇರಿದ 150 ಹುಡುಗಿಯರನ್ನು ಟಾರಾ ಡೆನ್ನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಿರಿಯ ವಿದ್ಯಾರ್ಥಿನಿಯರ ಮಾರ್ಗದರ್ಶನ, ಇನ್ನೊಂದಕ್ಕೆ ಹಿರಿಯ ಹುಡುಗರದು, ಮೂರನೆಯದಕ್ಕೆ ಯಾರೂ ಇಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ ವರ್ಷ ಮುಗಿಯುವ ಹೊತ್ತಿಗೆ ಹಿರಿಯ ವಿದ್ಯಾರ್ಥಿನಿಯರ ಜೊತೆಗಿದ್ದವರಲ್ಲಿ ಒಬ್ಬರೂ ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ಹುಡುಗರ ಮಾರ್ಗದರ್ಶನ ಪಡೆದವರಲ್ಲಿ ಶೇ 18 ಮಂದಿ, ಯಾರೂ ಇಲ್ಲದವರಲ್ಲಿ ಶೇ 11 ಮಂದಿ ಬಿಟ್ಟಿದ್ದರು. ಗುಂಪುಗಳು ಚಿಕ್ಕವು, ಹಾಗಾಗಿ ಹುಡುಗರ ಸಹವಾಸದಿಂದಲೇ ಕೆಡುಕಾಯಿತು ಎಂದು ಈ 18, 11ರ ಅಂತರದಿಂದ ಹೇಳಲು ಬರುವುದಿಲ್ಲ.

ಇದರಲ್ಲಿ ನನ್ನ ಗಮನ ಸೆಳೆದದ್ದು ಅಂಕಪಟ್ಟಿ. ಹಿರಿಯಕ್ಕಂದಿರು ಸಿಕ್ಕವರಿಗೆ ಹೆಚ್ಚು ಅಂಕವೇನೂ ಬಂದಿರಲಿಲ್ಲ. ಇಲ್ಲಿ ನನಗೂ ಜಾಗವಿದೆ, ಇದು ನನ್ನ ಕೈಲಿ ಆಗುತ್ತದೆ ಎಂಬ ಭಾವನೆ ಮಾತ್ರ ಅವರಲ್ಲಿ ಉಳಿದುಕೊಂಡಿತ್ತು. ಉಳಿದ ಎರಡು ಗುಂಪುಗಳಲ್ಲಿ ಅದು ವರ್ಷ ಕಳೆದಂತೆ ಇಳಿಯಿತು. ಕೋಚಿಂಗ್‌ನ ಲಾಭವನ್ನು ಬರೀ ಕೌಶಲದ ಪರೀಕ್ಷೆಯಿಂದ ಅಳೆಯುವ ಕಚೇರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳದು.

ಹಾಗಾದರೆ ಮುಖ ನೋಡಿದರೆ ಸಾಕೇ? ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಮಾರ್ಸೆಲಾ ಆಲ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಹಾಗೆ ಹೇಳುವುದಿಲ್ಲ. ಅದು ವೈದ್ಯರ ಕುರಿತದ್ದಾದರೂ ಸಲಹೆ ಕೊಡುವವರೆಲ್ಲರಿಗೂ ಹತ್ತಿರದ ಸಂಗತಿ. ಕ್ಷೌರದಂಗಡಿಗಳಲ್ಲಿ, ಸಂತೆಗಳಲ್ಲಿ ಕಪ್ಪು ಗಂಡಸರನ್ನು ಮಾತಾಡಿಸಿ ಉಚಿತ ತಪಾಸಣೆಗೆ ಕರೆದರು. ಮೊದಲು ಟ್ಯಾಬ್ಲೆಟ್‌ನಲ್ಲಿ ವೈದ್ಯರ ಫೋಟೋ ತೋರಿಸಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ನಂಥ ಪರೀಕ್ಷೆಗಳಲ್ಲಿ ಯಾವುದು ಬೇಕೆಂದು ಕೇಳಿದರು. ಫೋಟೋದಲ್ಲಿದ್ದವರು ಕಪ್ಪು ವೈದ್ಯರಾಗಿರಲಿ, ಅಲ್ಲದಿರಲಿ, ಆಯ್ಕೆಯಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ವೈದ್ಯರ ಎದುರು ಕೂತು ಮಾತಾಡಿದ ಮೇಲೆ ಲೆಕ್ಕ ಬದಲಾಯಿತು. ಕಪ್ಪು ವೈದ್ಯರ ಬಳಿ ಹೋದವರು ಮೊದಲು ಬೇಡವೆಂದಿದ್ದ ಪರೀಕ್ಷೆಗಳಿಗೂ ಒಪ್ಪತೊಡಗಿದರು. ಸೂಜಿ ಚುಚ್ಚಿ ರಕ್ತ ತೆಗೆಯುವ ಪರೀಕ್ಷೆಗಳಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು. ಕೇಳದೇ ಇದ್ದ ತಮ್ಮ ಇತರ ತೊಂದರೆಗಳನ್ನೂ ಅವರು ಹೇಳಿಕೊಂಡರು. ಕೆಲಸ ಮಾಡಿದ್ದು ಮುಖವಲ್ಲ, ಮಾತುಕತೆ.

ಹೀಗೆಂದು ಪ್ರತಿಯೊಬ್ಬರಿಗೂ ಅವರದೇ ಜಾತಿ, ಲಿಂಗ, ಭಾಷೆಯ ಕೋಚ್‌ನನ್ನು ಜೋಡಿಸಹೊರಟರೆ ಪೇಚಾಟ. ಇರುವ ಒಬ್ಬಿಬ್ಬರು ಹಿರಿಯ ಮಹಿಳೆಯರ ಮೇಲೆ ಕಚೇರಿಯ ಹುಡುಗಿಯರೆಲ್ಲರ ಹೊಣೆ ಬೀಳುತ್ತದೆ. ಅವರ ಸ್ವಂತ ಕೆಲಸ ಹಿಂದೆ ಬೀಳುತ್ತದೆ. ಆಯ್ದುಕೊಳ್ಳಲು ಬಗೆಬಗೆಯ ಜನ ಇರುವುದು ಬೇರೆ, ಕಡ್ಡಾಯವಾಗಿ ಗಂಟುಹಾಕುವುದು ಬೇರೆ.

ಹೇಳುವವರು ಬದಲಾದಾಗ ಕೇಳುವವರು ಒಗ್ಗಿಕೊಳ್ಳಲು ಸಮಯವೂ ಬೇಕು. ಬಾಂಗ್ಲಾದೇಶದ ಗಾರ್ಮೆಂಟ್ಸ್ ಕಾರ್ಖಾನೆಗಳ ಅಧ್ಯಯನವೊಂದು ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನವರಿಗೆ ಹೊಸತೆನಿಸದು. ಅಧ್ಯಯನದ ಹೊತ್ತಿಗೆ ಹೊಲಿಗೆ ಲೈನ್‌ಗಳಲ್ಲಿ ಕೂತವರಲ್ಲಿ ಸುಮಾರು ಶೇ 80 ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ಶೇ 95 ಗಂಡಸರು. ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ವುಡ್ರಫ್ ಮತ್ತು ಸಂಗಡಿಗರು ಲೈನ್‌ನಿಂದಲೇ ಆರಿಸಿದವರಿಗೆ ಸೂಪರ್‌ವೈಸರ್ ತರಬೇತಿ ಕೊಡಿಸಿ ಫಲ ಗಮನಿಸಿದರು. ಗಂಡಸರೇ ಮೇಲು ಎಂದು ಕಾರ್ಖಾನೆಯ ಎಲ್ಲ ಹಂತದವರೂ ನಂಬಿದ್ದರು. ಹೆಂಗಸರು ಸೂಪರ್‌ವೈಸರ್ ಆದ ಮೊದಲ ದಿನಗಳಲ್ಲಿ ಕೆಲಸಗಾರರು ಅವರಿಗೆ ಕಡಿಮೆ ಅಂಕ ಕೊಟ್ಟರು. ಅವರ ಲೈನ್‌ಗಳ ಉತ್ಪಾದನೆಯೂ ಸ್ವಲ್ಪ ಕುಂದಿದಂತೆ ಕಂಡಿತು. ಹೆಚ್ಚುಕಡಿಮೆ ನಾಲ್ಕು ತಿಂಗಳು ಜೊತೆಗೆ ಕೆಲಸ ಮಾಡಿದ ಮೇಲೆ ಅಭಿಪ್ರಾಯ, ಉತ್ಪಾದನೆ ಎರಡರಲ್ಲೂ ಅವರು ಗಂಡಸರ ಸಮಕ್ಕೆ ಬಂದರು. ಮೂರು ತಿಂಗಳ ಪ್ರೊಬೇಷನ್ ಇಟ್ಟು ತೀರ್ಮಾನಿಸುವ ಕಾರ್ಖಾನೆಯಾಗಿದ್ದರೆ, ಅವರಲ್ಲಿ ಹಲವರು ಅಷ್ಟರಲ್ಲಿ ಮತ್ತೆ ಮಿಷನ್ ಮುಂದೆ ಕೂತಿರುತ್ತಿದ್ದರು.