ಶಿಷ್ಯತ್ವದ ಬೆಲೆ: ಆನಂದರಾವ್ ಕೌಂಡಿನ್ಯರ ನಿದರ್ಶನ

ಹರ್ಮನ್ ಮೋಗ್ಲಿಂಗ್ ಎಂದೊಡನೆ ನಮ್ಮ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು 1843ರ ‘ಮಂಗಳೂರ ಸಮಾಚಾರ’ವನ್ನೂ 1850ರ ದಾಸರ ಪದಗಳ ಸಂಕಲನವನ್ನೂ ಹೆಸರಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಪತ್ರಿಕೆ ಹುಟ್ಟಿದ ಆರೇ ತಿಂಗಳಿಗೆ ಮಂಗಳೂರಿನಲ್ಲಿ ನಡೆದ ಇನ್ನೊಂದು ಘಟನೆ ನಮ್ಮ ಸಾಹಿತ್ಯಚರಿತ್ರೆಗಳ ಅಂಚಿನಲ್ಲಿಯೇ ಉಳಿದಿದೆ. 1844ರ ಜನವರಿ 6ರಂದು ಮೋಗ್ಲಿಂಗರ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡರು. ಕ್ರೈಸ್ತ ಶಿಷ್ಯತ್ವವೆಂದರೇನೆಂಬುದನ್ನು ಕನ್ನಡದ ನೆಲದಲ್ಲಿಯೇ ನಿಂತು ವಿಚಾರಿಸಲು ಇದಕ್ಕಿಂತ ತಕ್ಕ ನಿದರ್ಶನ ದೊರೆಯದು.

‘ಶಿಷ್ಯ’ನೆಂದರೆ ಉಪದೇಶಕ್ಕೆ ಅರ್ಹನಾದವನು. ಸುವಾರ್ತೆಗಳ ಗ್ರೀಕ್ ಮೂಲದಲ್ಲಿರುವ ಪದಕ್ಕೂ ಕಲಿಯುವವನೆಂಬುದೇ ಅರ್ಥ. ಆದರೆ ಕ್ರಿಸ್ತನು ಕರೆಯುವಾಗ ಬಳಸುವ ಕ್ರಿಯಾಪದ ‘ಕಲಿ’ ಎಂಬುದಲ್ಲ, ‘ಹಿಂಬಾಲಿಸು’ ಎಂಬುದು. ಪಾಠವನ್ನು ಕೇಳಿ ಮನೆಗೆ ಮರಳಬಹುದು. ಹಿಂಬಾಲಿಸುವವನು ಇದ್ದ ಸ್ಥಳವನ್ನು ಬಿಡಲೇಬೇಕು. ಆದುದರಿಂದಲೇ ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಲೆಕ್ಕಾಚಾರದ ಮಾತು ಬರುತ್ತದೆ: ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕು, ಯುದ್ಧಕ್ಕೆ ಹೊರಟ ಅರಸನು ತನ್ನ ಸೈನ್ಯವನ್ನು ಎಣಿಸಬೇಕು. ಜನರು ಗುಂಪುಗುಂಪಾಗಿ ಹಿಂದೆ ಬರುತ್ತಿರುವಾಗ ಗುರುವೇ ಅವರನ್ನು ತಡೆದು ಎಚ್ಚರಿಸುವ ಈ ಪ್ರಸಂಗ ಮತಪ್ರಚಾರದ ಸಾಮಾನ್ಯ ರೀತಿಗೆ ತೀರ ವಿರುದ್ಧವಾದುದು.

ಕೌಂಡಿನ್ಯರ ಲೆಕ್ಕದಲ್ಲಿ ಏನೇನಿತ್ತು? ಜಾತಿಯಿಂದ ಹೊರಗಾಗುವುದು ನಿಶ್ಚಿತವಾಗಿತ್ತು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗಬಾರದೆಂಬ ಕಾಯ್ದೆ ಬಂದದ್ದು 1850ರಲ್ಲಿ; ಇವರು ದೀಕ್ಷೆ ಪಡೆದದ್ದು ಅದಕ್ಕೆ ಆರು ವರ್ಷ ಮೊದಲು. ಊರು ಉದ್ವಿಗ್ನವಾಯಿತು. ಆದರೆ ಇವೆಲ್ಲವನ್ನೂ ಮೀರಿದ ಬೆಲೆಯೊಂದಿತ್ತು. ಅವರ ಪತ್ನಿ ಅವರೊಡನೆ ಹೊಸ ಧರ್ಮಕ್ಕೆ ಬರಲಿಲ್ಲ.

ಕ್ರಿಸ್ತನಿಗಿಂತ ಬಂಧುಗಳನ್ನು ಹೆಚ್ಚಾಗಿ ಪ್ರೀತಿಸಬಾರದೆಂಬ ಬೋಧನೆ ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ ಬರುವಾಗ ತಂದೆ, ತಾಯಿ, ಮಗ, ಮಗಳು ಇದ್ದಾರೆ, ಹೆಂಡತಿಯಿಲ್ಲ. ಲೂಕನಲ್ಲಿ ಆಕೆಯೂ ಇದ್ದಾಳೆ. ಪಾಠಾಂತರದ ಕುತೂಹಲವಾಗಿ ಬೋಧಿಸಬಹುದಾದ ಈ ವ್ಯತ್ಯಾಸ ಮಂಗಳೂರಿನ ಒಂದು ಮನೆಯಲ್ಲಿ ಎರಡು ಜೀವಗಳ ಪ್ರಶ್ನೆಯಾಯಿತು. ಗಂಡನು ತಾನು ಎಣಿಸಿದ ಬೆಲೆಯನ್ನು ತೆತ್ತನು. ಹೆಂಡತಿ ತಾನು ಎಣಿಸದ ಬೆಲೆಯನ್ನು ತೆರಬೇಕಾಯಿತು. ತನ್ನವರೊಡನೆ ಉಳಿದ ಆಕೆಯದೂ ಒಂದು ನಿಷ್ಠೆಯೇ. ಶಿಷ್ಯತ್ವವನ್ನು ಶಿಷ್ಯನೊಬ್ಬನ ತ್ಯಾಗವೆಂದು ಮಾತ್ರ ಕೀರ್ತಿಸುವ ಜೀವನಚರಿತ್ರೆಗಳು ನನಗೆ ಅಪೂರ್ಣವೆನಿಸುವುದು ಇಲ್ಲಿಯೇ.

ಕೌಂಡಿನ್ಯರು ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಸಭಾಪಾಲಕರಾಗಿ ದೀಕ್ಷಿತರಾದರು. ದೀಕ್ಷಾಸ್ನಾನದ ದಿನದ ಉತ್ಸಾಹ ಯೌವನದ್ದಿರಬಹುದು. ಬದ್ಧತೆಯ ಪರೀಕ್ಷೆ ನಡೆದದ್ದು ಅನಂತರದ ದೀರ್ಘ ವರ್ಷಗಳಲ್ಲಿ. ಮಂಗಳೂರಿನ ಸೆಮಿನರಿಯಲ್ಲಿ ಅವರು ಪಾಠ ಹೇಳಿದರು. ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ಮೋಗ್ಲಿಂಗರು ನೆಲೆಯೊಂದನ್ನು ಕಟ್ಟಹೊರಟಾಗ ತಮ್ಮ ಹಣವನ್ನು ಅದಕ್ಕೆ ತೊಡಗಿಸಿದರು. ಜೀತದಿಂದ ಬಂದವರ ಆ ವಸತಿಯಲ್ಲಿ ಬ್ರಾಹ್ಮಣಕುಲದಲ್ಲಿ ಹುಟ್ಟಿದವನೊಬ್ಬನು ಪಾಲುದಾರನಾದದ್ದು ಆ ಕಾಲಕ್ಕೆ ದೀಕ್ಷಾಸ್ನಾನಕ್ಕಿಂತಲೂ ದೊಡ್ಡ ದಾಟು. 1860ರಲ್ಲಿ ಅವರು ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾದರು, 1893ರಲ್ಲಿ ತೀರಿಕೊಂಡರು. ಕೊಡಗಿನ ಆ ವಸತಿಗೆ ಆನಂದಪುರವೆಂದು ಹೆಸರಾಯಿತು. ಅಲ್ಲಿ ಉಳಿದದ್ದು ತಂದೆತಾಯಿಗಳು ಇಟ್ಟ ಹೆಸರು, ಗುರುವಿನಿಂದ ಪಡೆದದ್ದಲ್ಲ.